ಕಥೆಯಲ್ಲಿಲ್ಲದ ನಾಯಿ

ತಪ್ಪಿಸಿಕೊಂಡ ಕುರಿಯ ಕಥೆಯಲ್ಲಿ ನಾಯಿ ಇಲ್ಲ. ಒಬ್ಬ ಕುರುಬ, ನೂರು ಕುರಿ, ಅದರಲ್ಲೊಂದು ಕಾಣೆಯಾಗುತ್ತದೆ, ಅವನು ಹುಡುಕಿ ಹೆಗಲ ಮೇಲೆ ಹೊತ್ತು ತರುತ್ತಾನೆ. ಅಷ್ಟೇ. ಇದನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ.

ಆದರೆ ಆ ಭಾನುವಾರ ನನ್ನ ಸಂಡೇ ಸ್ಕೂಲಿನ ಪುಟ್ಟಿ ಎದ್ದು ನಿಂತು, ಮುಂದಿನ ಹಲ್ಲು ಉದುರಿದ ಬಾಯಲ್ಲಿ, "ಆಗ ಕುರುಬನ ಕುಂಟು ನಾಯಿ ಮೂಸಿ ಮೂಸಿ ಕುರಿ ಎಲ್ಲಿದೆ ಅಂತ ಕಂಡುಹಿಡೀತು" ಎಂದಳು. ಮಿಕ್ಕ ಮಕ್ಕಳು ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬ ಅದು ಹೇಗೆ ಬೊಗಳಿತು ಎಂದೂ ತೋರಿಸಿದ.

ಎದುರಿನ ಕುರ್ಚಿಯಲ್ಲಿ ಮಿಷನ್ನಿನ ಹಿರಿಯಮ್ಮ ಕೂತಿದ್ದರು. ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ನದಿಯಾಚೆಯ ಊರುಗಳ ಮಾತಿಗೆ ಇನ್ನೂ ಲಿಪಿಯಿಲ್ಲ. ಅಲ್ಲಿಗೆ ಹೋಗುವ ನಮ್ಮವರು ಪುಸ್ತಕ ಹಂಚುವುದಿಲ್ಲ, ಬಾಯಲ್ಲಿ ಕಥೆ ಹೇಳುತ್ತಾರೆ. ಬೈಬಲ್ಲಿನಲ್ಲಿ ಇದ್ದಷ್ಟೇ ಹೇಳಬೇಕು. ತೆರೆದು ನೋಡಲು ಪುಸ್ತಕವಿಲ್ಲದ ಕಡೆ, ಹೇಳುವವರು ಸೇರಿಸಿದ್ದೆಲ್ಲ ದೇವರ ಮಾತೇ ಆಗಿ ಕೂರುತ್ತದೆ. ಅದಕ್ಕೇ ಹೊರಡುವ ಮುಂಚೆ ಪರೀಕ್ಷೆ. ಪರೀಕ್ಷೆ ನಮಗಲ್ಲ, ನಾವು ಕಲಿಸಿದ ಮಕ್ಕಳಿಗೆ. ಅವರ ಬಾಯಲ್ಲಿ ಕಥೆ ಇದ್ದಹಾಗೇ ಬಂದರೆ ಟೀಚರ್ ಹೊರಡಬಹುದು.

ಅಲ್ಲಿನ ಒಂದು ಊರಿನ ತಾಯಂದಿರೇ ತಮ್ಮ ಮಕ್ಕಳಿಗೊಬ್ಬ ಟೀಚರ್ ಬೇಕೆಂದು ಕೇಳಿ ಕಳಿಸಿದ್ದರು. ನಾನು ಹೋಗಿಯೇ ತೀರುತ್ತೇನೆಂದು ಪಟ್ಟು ಹಿಡಿದಿದ್ದೆ. ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಅಷ್ಟೆಲ್ಲ ದಾಟಿ ಬಂದವಳಿಗೆ ಈಗ ಒಂದು ಕುಂಟು ನಾಯಿ ಅಡ್ಡ ಬಂದಿತ್ತು.

"ಈ ನಾಯಿ ಎಲ್ಲಿಂದ ಬಂತು ಮರಿ?" ಹಿರಿಯಮ್ಮ ಮೆತ್ತಗೆ ಕೇಳಿದರು.

"ಫ್ಯೂಸ್ ಮಾಮ ಹೇಳಿದ್ದು," ಎಂದಳು ಪುಟ್ಟಿ.

ಹಿರಿಯಮ್ಮ ಕಣ್ಣು ಮುಚ್ಚಿಕೊಂಡರು. ಫ್ಯೂಸ್ ಮಾಮನಿಗೆ ಅವರು ಸ್ವಂತ ಸೋದರತ್ತೆ.

ಹೊರಡುವಾಗ ನನ್ನ ಕೈ ಹಿಡಿದು ಹೇಳಿದರು, "ಮುಂದಿನ ಭಾನುವಾರ ಮತ್ತೆ ಬರ್ತೀನಿ. ಆಗಲೂ ನಾಯಿ ಇದ್ರೆ ಬೇರೆಯವರನ್ನ ಕಳಿಸ್ಬೇಕಾಗುತ್ತೆ ಮಗಳೇ. ಬೇಜಾರು ಮಾಡ್ಕೋಬೇಡ."

ಬೇಜಾರೇನೂ ಮಾಡಿಕೊಳ್ಳಲಿಲ್ಲ. ಮೈಯೆಲ್ಲ ಉರಿಯಿತು, ಅಷ್ಟೇ.

ಫ್ಯೂಸ್ ನಮ್ಮ ಕ್ಲಾಸು ನಡೆಯುವ ಹಾಲಿನ ಹಿಂಬದಿಯಲ್ಲಿ ಏಣಿಯ ತುದಿಯಲ್ಲಿದ್ದ, ಫ್ಯಾನಿನ ರೆಕ್ಕೆ ಬಿಚ್ಚುತ್ತಿದ್ದ. ಎಲೆಕ್ಟ್ರಿಷಿಯನ್, ಅದಕ್ಕೇ ಮಕ್ಕಳು ಇಟ್ಟ ಹೆಸರು ಅದು. ಹಾಲಿನ ವೈರಿಂಗ್ ಬದಲಾಯಿಸಲು ಬಂದವನು ಕೆಲಸ ಮುಗಿದು ಎಷ್ಟೋ ಕಾಲವಾದರೂ ಏನಾದರೊಂದು ನೆಪ ಹುಡುಕಿ ಬರುತ್ತಲೇ ಇದ್ದ. ಹೋದ ವಾರ ನನ್ನ ಗಂಟಲು ಕಟ್ಟಿದಾಗ, "ನಾನು ನೋಡ್ಕೋತೀನಿ ಬಿಡಿ" ಎಂದು ಕ್ಲಾಸು ತೆಗೆದುಕೊಂಡಿದ್ದ. ಚೆನ್ನಾಗಿಯೇ ನೋಡಿಕೊಂಡಿದ್ದ.

"ಇಳೀರಿ ಕೆಳಗೆ," ಎಂದೆ.

"ನಿಮ್ಮ ಮುಖ ನೋಡಿದ್ರೆ ಮೇಲೇ ಇರೋದು ವಾಸಿ ಅನ್ಸುತ್ತೆ."

"ಇಳೀರಿ."

ಇಳಿದ. ಕೂದಲಲ್ಲಿ ಧೂಳು, ಕಿವಿಯ ಹಿಂದೆ ಟೆಸ್ಟರ್. ನಗಲು ಹೊರಟವನು ನನ್ನ ಕಣ್ಣು ಕಂಡು ನಗು ನುಂಗಿಕೊಂಡ.

"ನಾಯಿ ಯಾಕೆ ತಂದ್ರಿ?"

"ಮಕ್ಕಳು ಆಕಳಿಸ್ತಿದ್ರು ರೀ. ಕಥೆ ಸಪ್ಪೆ ಆಯ್ತೇನೋ ಅಂತ ಸ್ವಲ್ಪ ಒಗ್ಗರಣೆ ಹಾಕ್ದೆ."

"ಸಪ್ಪೆನಾ? ಎಷ್ಟು ಸಾವಿರ ಮಕ್ಕಳು ಈ ಕಥೆ ಕೇಳ್ಕೊಂಡು ಬೆಳೆದಿದ್ದಾರೆ ಗೊತ್ತಾ? ಅದು ಇದ್ದಹಾಗೇ ಸಾಕು ಅನ್ನೋ ನಂಬಿಕೆ ನಿಮಗಿಲ್ಲ, ಅಷ್ಟೇ."

ಅವನು ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನನಗೆ ನನ್ನ ಮೇಲೇ ನಂಬಿಕೆ ಇರ್ಲಿಲ್ಲ. ನಿಮ್ಮ ಹಾಗೆ ಹೇಳೋಕೆ ನನಗೆಲ್ಲಿ ಬರುತ್ತೆ? ನೀವು ಕಥೆ ಶುರು ಮಾಡಿದ್ರೆ ನಾನು ಸ್ವಿಚ್ ಬೋರ್ಡ್ ಬಿಚ್ಚಿಟ್ಟು ಹಾಗೇ ನಿಂತುಬಿಡ್ತೀನಿ."

ನನ್ನ ಸಿಟ್ಟು ಜರ್ರನೆ ಇಳಿಯುವುದರಲ್ಲಿತ್ತು. ಬಿಡಲಿಲ್ಲ, ಹಿಡಿದುಕೊಂಡೆ. "ನಾನು ಹೋಗಬಾರ್ದು ಅಂತ ಬೇಕಂತಲೇ ಮಾಡಿದ್ರಾ?"

"ಖಂಡಿತ ಇಲ್ಲ." ಅವನು ಈಗ ನೇರವಾಗಿ ನೋಡಿದ. "ನೀವು ಹೋಗೋದು ನನಗಿಷ್ಟ ಇಲ್ಲ. ಅದು ಬೇರೆ ವಿಷಯ."

ಆ ನೋಟದ ಮುಂದೆ ಎಲ್ಲಿ ಕರಗಿಹೋಗುತ್ತೇನೋ ಎಂದು ಹೆದರಿ, ಬೆನ್ನು ತಿರುಗಿಸಿ ಹೊರಟೆ. ಬಾಗಿಲ ಹತ್ತಿರ ನಿಂತು, "ನಾಳೆ ಸಂಜೆ ಮಕ್ಕಳಿಗೆ ನೀವೇ ಹೇಳ್ಬೇಕು," ಎಂದೆ.

ಹೇಳಿದ. ಮಕ್ಕಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ನಾಯಿ ನಾನು ಕಟ್ಟಿದ್ದು ಕಣ್ರೋ. ಯೇಸು ಹೇಳಿದ ಕಥೆಯಲ್ಲಿ ಅದಿಲ್ಲ. ನನ್ನದು ತಪ್ಪಾಯ್ತು," ಎಂದ. ಗಲಾಟೆಯೋ ಗಲಾಟೆ. ಬೊಗಳಿ ತೋರಿಸಿದವನಂತೂ ಮುಖ ಊದಿಸಿಕೊಂಡು ಮೂಲೆ ಸೇರಿದ.

ಪುಟ್ಟಿ ಮಾತ್ರ ಅಳಲು ಶುರು ಮಾಡಿದಳು. "ನಾಯಿ ಇಲ್ದಿದ್ರೆ ಕುರಿ ಹತ್ರ ಯಾರು ಬರ್ತಾರೆ? ಅದೊಂದೇ ಇರುತ್ತಲ್ವಾ?"

ಅವಳಮ್ಮ ಆಸ್ಪತ್ರೆ ಸೇರಿ ಬಹಳ ದಿನಗಳಾಗಿದ್ದವು. ಪುಟ್ಟಿ ಪಕ್ಕದ ಮನೆಯಲ್ಲಿ ಮಲಗುತ್ತಿದ್ದಳು. ಫ್ಯೂಸ್ ನನ್ನತ್ತ ನೋಡಿದ. ಪಾಪ, ಇರಲಿ ಬಿಡಿ, ನಾಯಿ ಇದ್ದರೆ ಏನು ಗಂಟು ಹೋಗುತ್ತದೆ ಎನ್ನುವ ಹಾಗಿತ್ತು ಅವನ ಮುಖ. ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆ ಮಗುವಿಗೆ ಸಮಾಧಾನ ಕೊಟ್ಟ ನಾಯಿಯನ್ನು ಕಿತ್ತುಕೊಳ್ಳುವುದು ಯಾರಿಗೆ ಇಷ್ಟ?

ಆದರೂ ಬೈಬಲ್ ತೆರೆದೆ. ಆ ನಾಲ್ಕು ಸಾಲನ್ನು ನಿಧಾನವಾಗಿ ಓದಿದೆ. ಒಂದು ಮಾತೂ ಸೇರಿಸಲಿಲ್ಲ. ಓದುವಾಗ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: ಇದು ಸಾಕು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಈ ಮಗುವಿಗೆ ಸಾಕಾಗಲಿ.

"ಈಗ ಹೇಳು ಪುಟ್ಟಿ. ಕುರಿನ ಹುಡುಕ್ಕೊಂಡು ಯಾರು ಹೋದ್ರು?"

ಅವಳು ಮೂಗು ಸುರ್ರೆಂದು ಎಳೆದುಕೊಂಡಳು. "ಕುರುಬ."

"ಬೇರೆ ಯಾರನ್ನಾದ್ರೂ ಕಳ್ಸಿದ್ನಾ?"

ಯೋಚಿಸಿದಳು. "ಇಲ್ಲ. ಅವನೇ ಹೋದ."

"ಎಲ್ಲಿವರೆಗೂ ಹುಡುಕಿದ?"

"ಸಿಗೋವರೆಗೂ." ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು, "ಸಿಗೋವರೆಗೂ." ಆಮೇಲೆ ಫ್ರಾಕಿನ ತುದಿಯಿಂದ ಕಣ್ಣು ಒರೆಸಿಕೊಂಡು, "ಹಾಗಾದ್ರೆ ನಾಯಿ ಬೇಡ ಬಿಡಿ," ಎಂದಳು.

ಫ್ಯೂಸ್ ಎದ್ದು ಹೊರಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಭಾನುವಾರ ಪುಟ್ಟಿಯೇ ಮುಂದೆ ಬಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮುನಿಸಿಕೊಂಡವನೂ ಬೊಗಳಲಿಲ್ಲ. ಹಿರಿಯಮ್ಮ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು, "ಹೊರಡೋಕೆ ತಯಾರಿ ಮಾಡ್ಕೋ," ಎಂದರು. ಸಂತೋಷಕ್ಕೆ ಪುಟ್ಟಿಯನ್ನು ಎತ್ತಿಕೊಂಡೆ. ಅದೇ ಗಳಿಗೆಯಲ್ಲಿ ಎದೆಯೊಳಗೆ ಏನೋ ಚುರ್ರೆಂದಿತು. ಅದು ಏನು, ಯಾರಿಂದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲರೂ ಹೋದ ಮೇಲೆ ಫ್ಯೂಸ್ ಕುರ್ಚಿ ಜೋಡಿಸಲು ನಿಂತ. ನಾನೇ ಮೊದಲು ಹೇಳಿದೆ, "ನಿಲ್ಲು ಅಂತ ಕೇಳ್ಬೇಡಿ. ನಿಲ್ಲಲ್ಲ."

"ಕೇಳಲ್ಲ. ಅಲ್ಲಿ ಸ್ಕೂಲಿಗೆ ಕರೆಂಟಿಲ್ವಂತೆ, ಸೋಲಾರ್ ಹಾಕೋರು ಬೇಕಂತೆ. ಅತ್ತೆ ಹತ್ರ ಮಾತಾಡ್ದೆ."

ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟೆ. "ನನ್ನ ಹಿಂದೆ ಬರೋದಾದ್ರೆ ಬೇಡ. ಅದು ತುಂಬ ದಿನ ಬಾಳಲ್ಲ. ಆ ಮಕ್ಕಳು ಬೇಕು, ದೇವರ ಈ ಮಾತಿನ ಮೇಲೆ ನಂಬಿಕೆ ಇದೆ ಅಂತಿದ್ರೆ ಮಾತ್ರ ಬನ್ನಿ."

"ಪುಟ್ಟಿ ಅವತ್ತು ಅಳು ನಿಲ್ಸಿದ್ದನ್ನ ನೋಡ್ದೆ. ನನ್ನ ನಾಯಿ ಕೈಲಿ ಆಗದ್ದು ಅದು." ಅವನ ದನಿ ತಗ್ಗಿತು. "ಅತ್ತೆನೂ ಇದೇ ಕೇಳಿದ್ರು. ಮೊದಲು ಟೀಚರ್ ಮುಂದೆ ಪರೀಕ್ಷೆ ಕೊಡು ಅಂದ್ರು."

ನಾನು ಕೂತೆ. ಅವನು ಎದುರಿಗೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕಥೆ ಹೇಳಿದ. ತಡವರಿಸಿದ, ಬೆವರಿದ, ನನ್ನ ಮುಖ ನೋಡಿ ಒಂದು ಕಡೆ ಮರೆತೇಬಿಟ್ಟ. ಆದರೆ ಅಡವಿಯಲ್ಲಿ ಕುರುಬನ ಜೊತೆ ಯಾರನ್ನೂ ಕಳಿಸಲಿಲ್ಲ. ಕುರಿ ಮನೆಗೆ ಬಂತು, ನೆರೆಹೊರೆಯವರು ಕೂಡಿ ಸಂತೋಷಪಟ್ಟರು.

"ಕಥೆ ಮುಗೀತು," ಎಂದ. "ಇನ್ಮೇಲೆ ಹೇಳೋದು ಅದರಲ್ಲಿಲ್ಲ. ನಾನೇ ಸೇರಿಸ್ತಿರೋದು."

"ಹೇಳಿ."

"ನಿನ್ನನ್ನ ಪ್ರೀತಿಸ್ತೀನಿ. ಮದುವೆ ಮಾಡ್ಕೊಂಡೇ ನದಿ ದಾಟೋಣ."

ನೀವು ಹೋಗಿ ನೀನು ಬಂದದ್ದನ್ನು ನಾನು ತಿದ್ದಲಿಲ್ಲ. ಕಣ್ಣು ತುಂಬಿಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದ್ಸಲ ಹೇಳು," ಎಂದೆ. "ಒಂದಕ್ಷರಾನೂ ಬದಲಾಯಿಸ್ಬೇಡ."