ಆ ಫೋಟೋ ತೆಗೆದವರು ಯಾರು?

"ಆ ಫೋಟೋ ತೆಗೆದವರು ಯಾರು?"

ಹೆಣ್ಣು ನೋಡಲು ಬಂದ ಗಂಡು ಮೊದಲು ಬಾಯಿಬಿಟ್ಟು ಕೇಳಿದ ಮಾತು ಇದು. ಎದುರಿಗೆ ಕೇಸರಿಬಾತಿನ ತಟ್ಟೆ ಹಿಡಿದು ಕೀರ್ತನ ನಿಂತಿದ್ದಾಳೆ, ಈ ಮಹಾಶಯ ಅವಳ ತಲೆಯ ಮೇಲಿನ ಗೋಡೆ ನೋಡುತ್ತಿದ್ದಾನೆ!

ದೊಡ್ಡಬಳ್ಳಾಪುರದ ಕಡೆಯ ವಿಜಯಪುರದ ಆ ಮನೆಯ ಹಜಾರದಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಹುಡುಗನ ತಾಯಿ ಮಗನ ತೊಡೆ ಚಿವುಟಿದರು.

ಗೋಡೆಯ ಮೇಲಿದ್ದದ್ದು ಕೀರ್ತನಳ ಮನೆಯವರ ಹಳೆಯ ಊರು ಹೊಂಗಲಹಳ್ಳಿಯ ಫೋಟೋ. ವಿಮಾನ ನಿಲ್ದಾಣಕ್ಕೆ ಜಾಗ ಕೊಟ್ಟು ಊರು ಬಿಡುವ ಮುಂಚೆ ಎಲ್ಲರೂ ಅರಳೀಕಟ್ಟೆಯ ಮೇಲೆ ಕೂತು ತೆಗೆಸಿಕೊಂಡದ್ದು. ಈಗ ಕಟ್ಟೆಯೂ ಇಲ್ಲ, ಊರೂ ಇಲ್ಲ. ಉಳಿದಿರುವುದು ಅದೊಂದೇ ಚಿತ್ರ.

"ಯಾರೋ ಸ್ಟುಡಿಯೋದವ್ನು ಕಣಪ್ಪಾ, ಮುನಿವೆಂಕಟಪ್ಪ ಅಂತ," ಎಂದಳು ಅಜ್ಜಿ ನರಸಮ್ಮ. "ಈಗ ಎಲ್ಲವ್ನೋ ಏನೋ."

ಕೀರ್ತನ ತಟ್ಟೆ ಕೆಳಗಿಟ್ಟು ಅವನ ಮುಖ ನೋಡಿದಳು. ಇದೇ ಪ್ರಶ್ನೆ ಕೇಳಿ ಕೇಳಿ ಒಬ್ಬ ಅವಳ ಪ್ರಾಣ ತಿನ್ನುತ್ತಿದ್ದ. ಇವನು ಅವನೇನಾ...?

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ಇಬ್ಬರನ್ನೂ ಮಹಡಿಗೆ ಕಳಿಸಿದರು.

"ನೀವು ಉತ್ತರಪಿನಾಕಿನಿ ತಾನೆ?" ಅವಳೇ ಕೇಳಿದಳು.

ಉಮಾಶಂಕರ್ ಬೆಚ್ಚಿದ. "ನೀವು... ಹೊಂಗೆಹೂ?"

ಅವು ವಿಕಿಪೀಡಿಯದಲ್ಲಿ ಅವರಿಬ್ಬರು ಇಟ್ಟುಕೊಂಡ ಹೆಸರುಗಳು. ಇಬ್ಬರೂ ಅಲ್ಲಿ ಕನ್ನಡದಲ್ಲಿ ಲೇಖನ ಬರೆಯುವವರು. ಮುಖ ನೋಡದೆಯೇ ಒಂದು ವರ್ಷದಿಂದ ಚರ್ಚೆ ಪುಟಗಳಲ್ಲಿ ಜಗಳ. "ಆಧಾರ ಎಲ್ಲಿ?" ಎನ್ನುವವನು ಅವನು, "ನಮ್ಮಜ್ಜಿಯೇ ಆಧಾರ" ಎನ್ನುವವಳು ಇವಳು. ಬೈದುಕೊಂಡೇ ಅವನ ಉತ್ತರಕ್ಕೆ ಕಾಯುತ್ತಿದ್ದಳು. ಅದನ್ನು ಅವಳು ಸತ್ತರೂ ಒಪ್ಪಿಕೊಳ್ಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಹೊಂಗಲಹಳ್ಳಿಯ ಬಗ್ಗೆ ಲೇಖನ ಬರೆದು, ಗೋಡೆಯ ಫೋಟೋ ಸ್ಕ್ಯಾನ್ ಮಾಡಿ, 'ನನ್ನ ಸ್ವಂತ ಕೃತಿ' ಎಂದು ಗುರುತು ಹಾಕಿ ಏರಿಸಿದ್ದಳು. ತಮ್ಮ ಮನೆಯ ಗೋಡೆಯ ಮೇಲಿರುವುದು, ಅಜ್ಜಿ ಕೂತಿರುವುದು ಇನ್ಯಾರದಾಗುತ್ತೆ? ಆದರೆ ಅಲ್ಲಿಯ ನಿಯಮ ಬೇರೆ. ಫೋಟೋದ ಹಕ್ಕು ತೆಗೆದವರದು. ಅವರು ಒಪ್ಪದಿದ್ದರೆ ಚಿತ್ರ ಇರುವಂತಿಲ್ಲ. ಉಮಾಶಂಕರ್ ಅದಕ್ಕೆ 'ಅಳಿಸಬೇಕು' ಎಂದು ಸೂಚನೆ ಅಂಟಿಸಿದ್ದ. ಉಳಿಸಬೇಕೋ ಬೇಡವೋ ಎಂದು ಚರ್ಚೆ ನಡೆದು ಗುರುವಾರ ತೀರ್ಮಾನ.

"ಆ ಸೂಚನೆ ತೆಗೀರಿ," ಎಂದಳು.

"ಆಗಲ್ಲ ಕಣ್ರೀ."

"ಅಜ್ಜಿ ದಿನಾ ಬೆಳಗ್ಗೆ ಮೊಬೈಲಲ್ಲಿ ನಮ್ಮೂರು ತೋರ್ಸು ಅಂತಾರೆ. ಇಡೀ ಪ್ರಪಂಚ ನೋಡ್ತಿದೆ ಅಂತ ಅವರಿಗೆಷ್ಟು ಖುಷಿ ಗೊತ್ತಾ? ಆ ಊರು ಒಂದ್ಸಲ ಹೋಯ್ತು. ನೀವು ಇನ್ನೊಂದ್ಸಲ ಕಳಿಸ್ತೀರಾ?"

"ತೆಗೆದವರು ಬಿಸಿಲಲ್ಲಿ ನಿಂತು ತೆಗ್ದಿದ್ದಾರೆ. ಅಲ್ಲಿ ಅವರ ಹೆಸರೇ ಇಲ್ಲ. ನಿಮ್ಮ ಹೆಸರಿದೆ."

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ, ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. "ಸರಿ. ಉಳಿಸಿ ಅಂತ ಚರ್ಚೆಯಲ್ಲಿ ಒಂದು ಮಾತು ಬರೀರಿ. ಅಷ್ಟು ಸಾಕು."

"ಇನ್ಮೇಲೆ ಆ ಚರ್ಚೆಯಲ್ಲಿ ನಾನು ಮಾತಾಡೋ ಹಾಗಿಲ್ಲ," ಎಂದು ಅವನು ತಲೆ ತಗ್ಗಿಸಿದ. ಅವಳು ಕಾದಳು. ಅವನು ಮೆಟ್ಟಿಲಿಳಿದು ಹೋದ.

ಯಾಕೆ ಎಂದು ಹೇಳಿಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬರೆಯೋಕೆ ಬರುತ್ತೆ, ಬಾಯಲ್ಲಿ ಆಡೋಕೆ ಬರಲ್ಲ... ಇಂಥ ಗಂಡಸರನ್ನು ಕಟ್ಟಿಕೊಂಡು ಏನು ಮಾಡೋದು ಹೇಳಿ!

ಸೋಮವಾರವೇ ಗಂಡಿನ ಮನೆಯಿಂದ ಫೋನ್ ಬಂತು. ಹುಡುಗಿ ಒಪ್ಪಿಗೆ, ಶುಕ್ರವಾರದೊಳಗೆ ನಿಮ್ಮ ಮಾತು ತಿಳಿಸಿ ಎಂದರು.

ಮನಸ್ಸಿದ್ದರೆ ಅವನು ಉಳಿಸುತ್ತಾನೆ, ಎಂದುಕೊಂಡಳು ಕೀರ್ತನ. ಹಠಕ್ಕೆ ಬಿದ್ದು ಚರ್ಚೆಯ ಪುಟವನ್ನು ತೆರೆಯಲೇ ಇಲ್ಲ. ಲೇಖನದಲ್ಲಿ ಚಿತ್ರ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಿದ್ದಳು. ಬುಧವಾರ ಇತ್ತು. ಗುರುವಾರ ಮಧ್ಯಾಹ್ನವೂ ಇತ್ತು.

ಸಂಜೆ ಅಜ್ಜಿಗೆ ತೋರಿಸಲು ತೆರೆದರೆ ಆ ಜಾಗದಲ್ಲಿ ಚಿತ್ರವಿಲ್ಲ, ಬರೀ ಕೆಂಪು ಅಕ್ಷರ.

"ಎಲ್ಲವ್ವಾ ನಮ್ಮೂರು?" ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿದಳು. ಕೀರ್ತನ ಮೆಲ್ಲಗೆ ಮೊಬೈಲ್ ಇಸಿದುಕೊಂಡಳು. ಒಂದು ಮಾತು... ಒಂದೇ ಒಂದು ಮಾತು ಬರೆಯಲಾಗಲಿಲ್ಲವೇ ಅವನಿಗೆ?

"ಅಪ್ಪಾ, ನಂಗೆ ಈ ಸಂಬಂಧ ಬೇಡ."

ಪಿಳ್ಳಣ್ಣ ಮಗಳ ಮುಖ ನೋಡಿದ. "ಯಾಕವ್ವಾ? ಏರ್‌ಪೋರ್ಟಲ್ಲಿ ಕೆಲ್ಸ, ಒಳ್ಳೆ ಜನ..."

"ಬೇಡ ಅಂದ್ರೆ ಬೇಡ."

ಶುಕ್ರವಾರ ಬೆಳಗ್ಗೆ ಪಿಳ್ಳಣ್ಣ ಗಂಡಿನ ಮನೆಗೆ ಫೋನ್ ಮಾಡಿ ಹೇಳಿಬಿಟ್ಟ.

ಸ್ವಲ್ಪ ಹೊತ್ತಿಗೆ ಕೀರ್ತನಳ ಮೊಬೈಲ್ ಸದ್ದು ಮಾಡಿತು. ಅನುಸೂಯಮ್ಮ, ನಿವೃತ್ತ ಟೀಚರು. ಅದೇ ವಿಕಿಪೀಡಿಯದ ಹಿರಿಯ ಸಂಪಾದಕಿ.

"ಫೋಟೋ ಅಳಿಸಿದ್ದು ನಾನೇ ಕಣಮ್ಮಾ, ಬೇಜಾರಾಗ್ಬೇಡ. ತೆಗ್ದವರ ಒಪ್ಪಿಗೆ ಬಂದ್ರೆ ನಾನೇ ವಾಪಸ್ ಹಾಕ್ತೀನಿ. ಅದಿರ್ಲಿ, ಶಂಕರನಿಗೆ ಏನಂತ ಹೇಳ್ದೆ?"

"ಯಾವ್ದಕ್ಕೆ ಮೇಡಂ?"

"ಅಯ್ಯೋ, ಊರಿಗೆಲ್ಲಾ ಗೊತ್ತಿರೋದು ನಿಂಗೆ ಗೊತ್ತಿಲ್ವಾ? ಚರ್ಚೆ ಪುಟ ಓದು ಮೊದ್ಲು."

ಕೀರ್ತನ ಪುಟ ತೆರೆದಳು. ಭಾನುವಾರ ಸಂಜೆ ಬರೆದದ್ದು.

'ಈ ಚಿತ್ರ ಏರಿಸಿದ ಸದಸ್ಯೆಯನ್ನು ಇವತ್ತು ಭೇಟಿಯಾದೆ. ಅವರನ್ನು ಮದುವೆಯಾಗಬೇಕೆಂದು ನನಗೆ ಆಸೆ. ಅವರ ಉತ್ತರ ಇನ್ನೂ ಬಂದಿಲ್ಲ. ನಾನೀಗ ನಿಷ್ಪಕ್ಷಪಾತಿಯಲ್ಲ. ಆದ್ದರಿಂದ ಇಲ್ಲಿ ನನ್ನ ಅಭಿಪ್ರಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. –ಉತ್ತರಪಿನಾಕಿನಿ'

ಕೆಳಗೆ ಸಂಪಾದಕರ ಸಾಲು ಸಾಲು ಶುಭಾಶಯ. ಯಾರೋ ತುಂಟ, 'ಆಧಾರ ಎಲ್ಲಿ?' ಎಂದು ಬೇರೆ ಕೇಳಿದ್ದ.

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎಂಥ ಕೆಲ್ಸ ಮಾಡ್ಬಿಟ್ಟೆ ನಾನು... ಅವನಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು. ಸಿಗಲಿಲ್ಲ. ಅನುಸೂಯಮ್ಮನಿಗೇ ಮಾಡಿದಳು.

"ಅವ್ನು ರಜಾ ಹಾಕಿ ಸಾಸಲಿಗೆ ಹೋಗಿದ್ದಾನಮ್ಮಾ. ಆ ಫೋಟೋ ತೆಗ್ದವರು ಅಲ್ಲಿ ಮಗಳ ಮನೇಲಿದ್ದಾರಂತೆ."

ಅಪ್ಪನಿಗೆ ಹೇಳಿ ಕೀರ್ತನ ಬಸ್ಸು ಹತ್ತಿದಳು. ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ಹೊತ್ತಿಗೆ 'ಬೇಡ' ಅನ್ನೋ ಮಾತು ಅವನಿಗೆ ಮುಟ್ಟಿರುತ್ತೆ. ಇನ್ನೇಕೆ ಅಲ್ಲಿರುತ್ತಾನೆ?

ಅವನು ಅಲ್ಲೇ ಇದ್ದ. ಜಗಲಿಯ ಮೇಲೆ, ಮುದುಕರೊಬ್ಬರ ಪಕ್ಕದಲ್ಲಿ. ಅವಳನ್ನು ನೋಡಿ ಎದ್ದು ನಿಂತ.

"ನೀನೇನಾ ಆ ಹುಡ್ಗಿ?" ಎಂದರು ಮುನಿವೆಂಕಟಪ್ಪ. "ಬೆಳಗ್ಗೆ ಬಸ್ ಸ್ಟಾಪಲ್ಲೇ ಇವ್ರ ಅಮ್ಮನ ಫೋನ್ ಬಂತಂತೆ, ನೀನು ಬೇಡ ಅಂದೆ ಅಂತ. ಮುಖ ಇಷ್ಟಾಗಿತ್ತು. ಹಂಗಾದ್ರೆ ಮನೆಗೆ ಹೋಗಪ್ಪಾ ಅಂದೆ. ಇಲ್ಲ ತಾತಾ, ಫೋಟೋ ವಿಷ್ಯ ಮಾತಾಡಾಣ ಅಂತಾನೆ."

ಕೀರ್ತನ ಮುದುಕರ ಕಾಲ ಬಳಿ ಕೂತಳು.

"ನೀವು ತೆಗ್ದ ಫೋಟೋನ ನಂದು ಅಂತ ಹಾಕ್ಕೊಂಡ್ಬಿಟ್ಟೆ ತಾತಾ. ತಪ್ಪಾಯ್ತು. ನೀವು ಒಪ್ಪಿದ್ರೆ ನಿಮ್ಮ ಹೆಸರಲ್ಲಿ ಹಾಕ್ತೀನಿ. ಆಮೇಲೆ ಯಾರು ಬೇಕಾದ್ರೂ ಅದನ್ನ ಬಳಸ್ಕೋಬಹುದು, ಅದನ್ನೂ ಹೇಳ್ಬಿಡ್ತೀನಿ. ಬೇಡ ಅಂದ್ರೆ ಬಿಡ್ತೀನಿ."

"ಅದ್ರ ಕೆಳಗೆ ನನ್ನ ಹೆಸ್ರು ಬರುತ್ತಾ?"

"ಬರುತ್ತೆ."

"ಎಷ್ಟು ಮದುವೆ, ಎಷ್ಟು ನಾಮಕರಣ ತೆಗ್ದೆ. ಯಾರು ತೆಗ್ದಿದ್ದು ಅಂತ ಒಬ್ರೂ ಕೇಳಿರ್ಲಿಲ್ಲ ಕಣಮ್ಮಾ, ಈ ಹುಡ್ಗ ಬರೋತಂಕ. ಹಾಕ್ಕೋ ಹೋಗು."

ಮಗಳನ್ನು ಕರೆದು ಒಪ್ಪಿಗೆಯ ಮಾತು ಬರೆಸಲು ಅವರು ಒಳಗೆ ಹೋದರು. ಜಗಲಿಯಲ್ಲಿ ಇಬ್ಬರೇ ಉಳಿದರು.

"ಚಿತ್ರ ವಾಪಸ್ ಹಾಕಿ ಅಂತ ನೀವೇ ಕೇಳ್ಬೇಕು," ಅವನು ನೆಲ ನೋಡುತ್ತಾ ಹೇಳಿದ. "ನಾನು ಈಗ್ಲೂ ಅಲ್ಲಿ ಮಾತಾಡೋ ಹಾಗಿಲ್ಲ."

"ಯಾಕೆ? ನಾನು ಬೇಡ ಅಂದಾಯ್ತಲ್ಲ."

"ನೀವು ಬೇಡ ಅಂದ್ರಿ. ನನ್ನ ಆಸೆ ಹೋಗಿಲ್ಲ."

ಕೀರ್ತನ ಅವನ ಪಕ್ಕದಲ್ಲಿ ಕೂತಳು.

"ನೀವು ಬರೆದಿದ್ದನ್ನ ಇವತ್ತು ಓದಿದೆ ಕಣ್ರೀ. ಬರೋವಾಗ್ಲೇ ಅಪ್ಪಂಗೆ ಹೇಳಿ ಬಂದಿದ್ದೀನಿ, ನಂಗೆ ಇವ್ರೇ ಬೇಕು ಅಂತ." ಅವನ ಕೈಮೇಲೆ ಮೆಲ್ಲಗೆ ಕೈಯಿಟ್ಟಳು. "ಅಲ್ಲಿ ನೀವು ಮಾತಾಡೋದೇನೂ ಬೇಡ. ನನ್ನ ಹತ್ರ ಮಾತಾಡಿ."