ಹನ್ನೊಂದು ಹತ್ತರ ಸಹಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಂಥ ಕತೆ ಹೇಳಲು ಗಟ್ಟಿ ಗುಂಡಿಗೆಯವರು ಬೇಕು. ನಾನು ಸಂಜೆ ಕಾಲೇಜಿನಲ್ಲಿ ಓದಿ, ಇಲಾಖೆಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲಕ್ಕೆ ಇನ್ಸ್‌ಪೆಕ್ಟರ್ ಆದವನು. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ... ಖಾಸಗಿ ಕಾಲೇಜುಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್. ಸೊಂಟದಲ್ಲಿ ಪಿಸ್ತೂಲಿಲ್ಲ. ಬ್ಯಾಗಿನಲ್ಲಿ ಅರಗು, ಮೊಹರು, ಕಾರ್ಬನ್ ಪೇಪರ್. ಅಷ್ಟೇ.

ಆದರೂ ಹೇಳುತ್ತೇನೆ, ಕೇಳಿ.

ಬಾಗಿಲು ಮುಚ್ಚಿದಾಗ ನಾನು ಮಂಡಿಯೂರಿ ಒಂದು ಖಾಲಿ ಟ್ರಂಕಿನೊಳಗೆ ಇಣುಕುತ್ತಿದ್ದೆ.

ಠಣ್!

ಚಿಲಕ. ಆಮೇಲೆ ಬೀಗ.

"ಯಾರ್ರೀ ಅದು? ಒಳಗೆ ನಾನಿದೀನಿ!"

"ಗೊತ್ತು ಸರ್. ಅದಕ್ಕೇ ಹಾಕಿದ್ದು."

ಹೆಜ್ಜೆಗಳು ಮೆಟ್ಟಿಲಿಳಿದು ಹೋದವು. ಜೊತೆಗೆ ಕೀಲಿಗೊಂಚಲಿನ ಝಣಝಣ. ಕಾಲೇಜಿನ ಚೇರ್ಮನ್‌ನ ಭಾವಮೈದ. ಹುಡುಗಿಯರು ಅವನಿಗೆ ಇಟ್ಟ ಹೆಸರು ಬೀಗದಣ್ಣ.

ಅದೊಂದು ನರ್ಸಿಂಗ್ ಕಾಲೇಜು. ಕೆಳಗೆ ಕ್ಲಾಸು, ಮೇಲೆ ಹುಡುಗಿಯರ ಹಾಸ್ಟೆಲ್ಲು, ಎರಡನೇ ಮಹಡಿಯ ಮೂಲೆಯಲ್ಲಿ ಈ ರೆಕಾರ್ಡ್ ರೂಮು. ಒಂದೇ ಬಾಗಿಲು. ಒಂದೇ ಕಿಟಕಿ, ಅದಕ್ಕೆ ಬೆರಳು ದಪ್ಪದ ಕಂಬಿ. ಮೊಬೈಲನ್ನು ಗೇಟಿನಲ್ಲೇ ಇಸಿದುಕೊಂಡಿದ್ದರು. "ಲೇಡೀಸ್ ಹಾಸ್ಟೆಲ್ ಸರ್, ರೂಲ್ಸು" ಅಂದಿದ್ದರು. ರೂಲ್ಸು ಅಂದರೆ ನಾನು ಕರಗಿಬಿಡುತ್ತೇನೆ. ಕೊಟ್ಟುಬಿಟ್ಟಿದ್ದೆ!

ಹಿಂದಿನ ದಿನ ಕಚೇರಿಗೆ ಒಂದು ಫೋನ್ ಬಂದಿತ್ತು. ಕೊನೆಯ ವರ್ಷದ ಕ್ಲಾಸ್ ಲೀಡರ್. ಜೊತೆಯವರು ಅವಳನ್ನು ಲೀಡರಮ್ಮ ಅಂತಲೇ ಕರೆಯುತ್ತಿದ್ದರು.

"ಸರ್, ನಲವತ್ತೊಂದು ಜನ ಇದೀವಿ. ನಮ್ಮ ಒರಿಜಿನಲ್ಸ್, ಡ್ಯೂಟಿ ಪುಸ್ತಕ ಎಲ್ಲ ಅವರ ಹತ್ರಾನೇ ಇವೆ. ಪಾಠ ಇಲ್ಲ, ಮೇಡಂಗಳಿಲ್ಲ. ಕೇಳಿದ್ರೆ ಫೈಲ್ ಸುಟ್ಟಾಕ್ತೀನಿ ಅಂತಾರೆ."

ಮಾರ್ಕ್ಸ್ ಕಾರ್ಡಿಗಾದರೂ ನಕಲು ಸಿಗುತ್ತದೆ. ಡ್ಯೂಟಿ ಪುಸ್ತಕಕ್ಕೆ ಸಿಗುವುದಿಲ್ಲ. ಮೂರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತು ಮಾಡಿದ ಒಂದೊಂದು ಪಾಳಿಗೂ ಹೆಡ್ ನರ್ಸ್ ಹಾಕಿದ ಸಹಿ ಇರುವುದು ಅದೊಂದರಲ್ಲೇ. ಅದು ಹೋದರೆ ಪರೀಕ್ಷೆಯಿಲ್ಲ. ಮೂರು ವರ್ಷ ನೀರಲ್ಲಿ ಹೋಮ.

ಈಗ ರೂಮಿನಲ್ಲಿ ಉಳಿದಿದ್ದು ಒಂದು ಖಾಲಿ ಟ್ರಂಕು. ಪಕ್ಕದಲ್ಲಿ ಧೂಳಿಲ್ಲದ ಮೂರು ಚೌಕಗಳು. ಅಲ್ಲಿದ್ದ ಮೂರು ಟ್ರಂಕುಗಳೆಲ್ಲಿ?

ಕಿಟಕಿಗೆ ಹೋದೆ.

ಹಿತ್ತಲಿನಲ್ಲಿ ಹಾಸ್ಟೆಲ್ಲಿನ ನೀರು ಕಾಯಿಸುವ ಬಾಯ್ಲರ್. ಚಿಮಣಿಯಲ್ಲಿ ಹೊಗೆ. ಗಂಟೆ ಹನ್ನೊಂದಾಗುತ್ತಿತ್ತು. ಈ ಹೊತ್ತಿನಲ್ಲಿ ಸ್ನಾನ ಯಾರದ್ದು?

ಗಾಳಿಗೆ ಒಂದು ಕಪ್ಪು ಚೂರು ಹಾರಿ ಬಂದು ಕಂಬಿಗೆ ಅಂಟಿತು. ಮುಟ್ಟಿದೆ. ಪುಡಿಯಾಯಿತು.

ಕಾಗದ!

ಬಾಗಿಲು ಒದ್ದೆ. ಕಾಲು ನೋಯಿತು. ಬಾಗಿಲಿಗೆ ಏನೂ ಆಗಲಿಲ್ಲ. ಕೂಗಿದೆ. ಯಾರೂ ಬರಲಿಲ್ಲ. ಹೊಗೆ ದಪ್ಪವಾಯಿತು. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಕಂಬಿ ಮುರಿಯುತ್ತಿದ್ದರೋ ಏನೋ. ನಾನು ಕಂಬಿ ಎಣಿಸಿದೆ. ಒಂಬತ್ತು.

ಮತ್ತೆ ಝಣಝಣ. ಬಾಗಿಲು ತೆರೆಯಿತು.

ಮುಂದೆ ಚೇರ್ಮನ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆಣ್ಣೆಯಂಥ ದನಿ. ಹಿಂದೆ ಬೀಗದಣ್ಣ. ಮೊಣಕೈವರೆಗೆ ಮಸಿ.

"ಏನ್ ಸರ್, ಬೇಜಾರಾಯ್ತಾ? ಎರಡು ನಿಮಿಷದ ಕೆಲಸ." ಒಂದು ಹಾಳೆ ಚಾಚಿದ. "ಕಾಲೇಜಿನ ಮಾನ್ಯತೆ ವಾಪಸ್ ಮಾಡ್ತಿದೀನಿ. ಈ ಕ್ಷಣದಿಂದ ನನ್ನ ಕಾಲೇಜೇ ಇಲ್ಲ. ಇಲ್ಲದ ಕಾಲೇಜಿಗೆ ತಪಾಸಣೆ ಏನು? ಪತ್ರ ತಲುಪಿತು ಅಂತ ಟೈಮ್ ಹಾಕಿ ಸೈನ್ ಮಾಡಿ. ಆರಾಮಾಗಿ ಮನೆಗೆ ಹೋಗಿ."

"ಮಾಡದಿದ್ರೆ?"

"ಇನ್ನೊಂದು ಪತ್ರ ಟೈಪಾಗಿದೆ. ಹುಡುಗೀರ ಹಾಸ್ಟೆಲಿಗೆ ನುಗ್ಗಿದ ಗಂಡಸು ಅಂತ. ಪೊಲೀಸ್ರಿಗೆ. ನಿಮಗೂ ಮಗಳಿದಾಳಂತಲ್ಲ?... ಅವಳೂ ಪೇಪರ್ ಓದ್ತಾಳೆ ಅಲ್ವಾ?"

ಮುಂದೆ ಹೋದರೆ ಹಾಯುವ ಎತ್ತು, ಹಿಂದೆ ಹೋದರೆ ಒದೆಯುವ ಕತ್ತೆ!

ಪತ್ರ ಓದಿದೆ. ಮತ್ತೆ ಓದಿದೆ.

"ಎಷ್ಟ್ ಓದ್ತೀರಾ? ಮೂರೇ ಸಾಲು!"

ಮೂರೇ ಸಾಲು, ನಿಜ. ಆದರೆ ನನಗೆ ಬೇರೆಯದೇ ನೆನಪಾಗುತ್ತಿತ್ತು. ಡುಮ್ಕಿ ಹೊಡೆಸಿದ ಪ್ರಶ್ನೆ. ಎರಡು ಸಲವೂ ಅದೇ ಪ್ರಶ್ನೆ. ಹತ್ತು ಅಂಕದ್ದು. ಕಾಲೇಜು ಮುಚ್ಚಿದ ಮೇಲೆ ವಿದ್ಯಾರ್ಥಿಗಳ ದಾಖಲೆಗಳು ಯಾರ ವಶ?

ಹೊಡೆತ ತಿಂದ ಜಾಗ ಯಾರಿಗೆ ಮರೆಯುತ್ತದೆ, ಹೇಳಿ?

ಕಾರ್ಬನ್ ಇಟ್ಟೆ. ಹನ್ನೊಂದು ಗಂಟೆ ಹತ್ತು ನಿಮಿಷ ಅಂತ ಬರೆದೆ. ಸಹಿ ಹಾಕಿದೆ. ಪೆನ್ನಿನ ಮುಚ್ಚಳ ಉಲ್ಟಾ ಹಾಕಿದೆ. ಚೇರ್ಮನ್ ನಕ್ಕ. ಹೆದರಿದ್ದಾನೆ ಅಂದುಕೊಂಡ. ಹೆದರಿದ್ದೆ ಕೂಡ. ಕಾರ್ಬನ್ ಪ್ರತಿ ಅವನಿಗೆ ಕೊಟ್ಟು, ಪತ್ರವನ್ನು ಒಳಜೇಬಿಗೆ ಹಾಕಿದೆ.

"ಕಾಲೇಜು ನಿಮ್ಮದಲ್ಲ ಅಂದ್ರಲ್ಲ..."

"ಹೂಂ."

"ಹಾಗಾದ್ರೆ ಫೈಲುಗಳೂ ನಿಮ್ಮದಲ್ಲ. ಹನ್ನೊಂದು ಹತ್ತರಿಂದ ಅವು ಸರ್ಕಾರದ ವಶ. ಪತ್ರ ತಗೊಂಡ ಅಧಿಕಾರಿ ನಾನು, ಅಂದ್ರೆ ನನ್ನ ವಶ. ಕೆಳಗೆ ಉರೀತಿರೋದು ಸರ್ಕಾರದ ದಾಖಲೆ!"

"ಯಾವ ರೂಲ್ಸು?"

"ಹತ್ತೊಂಬತ್ತು!"

ಹತ್ತೊಂಬತ್ತೋ, ಇಪ್ಪತ್ತೊಂದೋ... ಆ ಗಳಿಗೆಯಲ್ಲಿ ನನಗೇ ಖಾತ್ರಿಯಿರಲಿಲ್ಲ. ಜೋರಾಗಿ ಹೇಳಿದೆ, ಅಷ್ಟೇ.

ಚೇರ್ಮನ್ ಅಲುಗಾಡಲಿಲ್ಲ. ಬೀಗದಣ್ಣ ಅಲುಗಾಡಿದ.

"ಭಾವಾ... ಸರ್ಕಾರದ್ದಾ?"

"ಬಾಯ್ಮುಚ್ಚೋ. ಬಾಗಿಲು ಹಾಕು."

"ಬೆಂಕಿಗೆ ಹಾಕ್ತಿರೋನು ನಾನು ಭಾವ! ನೋಡಿ ನನ್ನ ಕೈ! ನಿಮ್ಮ ಅಂಗಿ ಮೇಲೆ ಒಂದು ಚುಕ್ಕೆ ಇಲ್ಲ!"

"ಬಾಗಿಲು ಹಾಕು ಅಂದೆ!"

"ನೀವೇ ಹಾಕ್ಕೊಳ್ಳಿ. ಜೈಲಿಗೆ ಅಕ್ಕ ಬುತ್ತಿ ತರೋದು ನಿಮಗೆ, ನನಗಲ್ಲ!"

ಕೀಲಿಗೊಂಚಲು ನೆಲಕ್ಕೆ ಬಿತ್ತು. ಚೇರ್ಮನ್ ಬಗ್ಗಿದ. ನಾನು ಅವನ ಪಕ್ಕದಿಂದ ನುಗ್ಗಿದೆ. ಅವನ ಕೈ ನನ್ನ ಕಾಲರಿಗೆ ಬಿತ್ತು. ಗುಂಡಿ ಕಿತ್ತು ಹೋಯಿತು. ಓಡಿದೆ!

ಮೆಟ್ಟಿಲ ತುಂಬ ಹುಡುಗಿಯರು. ಎಲ್ಲರೂ ಬಿಳಿ ಯೂನಿಫಾರ್ಮ್. ನನಗೆ ದಾರಿ ಬಿಟ್ಟರು. ನನ್ನ ಹಿಂದೆಯೇ ಮುಚ್ಚಿಕೊಂಡರು.

"ಜರುಗ್ರೇ!" ಚೇರ್ಮನ್‌ನ ದನಿಯಲ್ಲಿ ಬೆಣ್ಣೆ ಮುಗಿದಿತ್ತು.

"ಸರ್, ಮೆಟ್ಟಿಲು ಒದ್ದೆ ಇದೆ. ನಿಧಾನ. ವಯಸ್ಸಾದೋರು ಬಿದ್ರೆ ಸೊಂಟದ ಮೂಳೆ ಕೂಡೋದು ಕಷ್ಟ." ಲೀಡರಮ್ಮನ ದನಿ. ಫೋನಿನಲ್ಲಿ ಕೇಳಿದ್ದೇ.

ಬಾಯ್ಲರ್ ಮನೆ. ಮೂರು ಟ್ರಂಕುಗಳು ಬಾಯಿ ತೆರೆದು ಕೂತಿದ್ದವು. ಒಲೆಯ ಬಾಗಿಲಿಗೆ ಕೈ ಹಾಕಿದೆ.

ಅಯ್ಯೋ!

ಅಂಗೈ ಚುರ್ರೆಂದಿತು. ಬೀಗದಣ್ಣ ಹಿಂದೆಯೇ ಓಡಿ ಬಂದಿದ್ದ. ಕಬ್ಬಿಣದ ಕೊಕ್ಕೆಯಿಂದ ಒಲೆ ತೆರೆದು ಉರಿಯುವ ಫೈಲುಗಳನ್ನು ಹೊರಗೆಳೆದ. ಅಷ್ಟರಲ್ಲಿ ಇಳಿದು ಬಂದ ಲೀಡರಮ್ಮ ಒಂದು ಬಕೆಟ್ ನೀರು ಸುರಿದಳು.

"ನಾನೇ ತೆಗೆದೆ ಅಂತ ಬರ್ಕೊಳಿ ಸರ್. ದೊಡ್ಡಕ್ಷರದಲ್ಲಿ ಬರ್ಕೊಳಿ!" ಅಂದ ಬೀಗದಣ್ಣ.

ಟ್ರಂಕುಗಳನ್ನು ಎತ್ತಲು ನನ್ನಿಂದಾಗಲಿಲ್ಲ. ಹುಡುಗಿಯರು ಪ್ರಾಕ್ಟಿಕಲ್ ರೂಮಿನಿಂದ ಸ್ಟ್ರೆಚರ್ ತಂದರು. ಟ್ರಂಕಿಗೆ ನಾಲ್ವರು. ಒಂದು, ಎರಡು, ಮೂರು... ಬೆನ್ನು ಬಾಗಿಸದೆ, ಮಂಡಿಯ ಬಲದಿಂದ ಎತ್ತಿದರು.

"ಪೇಷೆಂಟ್ ತೂಕ ಜಾಸ್ತಿ ಕಣ್ರೇ!"

"ಉಸಿರಿದೆಯಾ ನೋಡೇ!"

ಆ ಗಲಾಟೆಯಲ್ಲೂ ನಗು! ನನಗೆ ಮಾತ್ರ ಬರಲಿಲ್ಲ.

ಪ್ರಾಕ್ಟಿಕಲ್ ರೂಮಿನ ಮಂಚದ ಮೇಲೆ ಫೈಲುಗಳನ್ನು ಹರಡಿ ಒಂದೊಂದೇ ಹೆಸರು ಕೂಗಿದೆ. ಒಬ್ಬೊಬ್ಬಳೂ ಬಂದು ತನ್ನ ಡ್ಯೂಟಿ ಪುಸ್ತಕ ನೋಡಿ, ಎದೆಗೊತ್ತಿಕೊಂಡು, ವಾಪಸ್ ಕೊಟ್ಟಳು. ಎಂಟು ಪುಸ್ತಕಗಳ ಅಂಚು ಸುಟ್ಟಿತ್ತು. ಸಹಿಗಳು ಉಳಿದಿದ್ದವು.

ನಲವತ್ತು.

ಮತ್ತೆ ಎಣಿಸಿದೆ. ನಲವತ್ತೇ.

ಲೀಡರಮ್ಮ ಇನ್ನೂ ಸಾಲಿನಲ್ಲಿ ನಿಂತಿದ್ದಳು. ಒಬ್ಬಳೇ.

"ನಂದು ಕೂಗಲೇ ಇಲ್ಲ ಸರ್."

ಬೀಗದಣ್ಣನ ಕಡೆ ತಿರುಗಿದೆ. ಅವನ ಮುಖ ಕೈಗಿಂತ ಕಪ್ಪಾಗಿತ್ತು.

"ಅಮ್ಮನಾಣೆ ಸರ್. ಟ್ರಂಕಿಂದ ಕೈಗೆ ಸಿಕ್ಕಿದ್ದು ಹಾಕಿದೆ. ಹೆಸರು ಯಾರು ನೋಡ್ತಾರೆ? ಭಾವ ಬೆಳಿಗ್ಗೆ ಒಂದು ಫೈಲನ್ನ ಅವರೇ ತಂದು ಹಾಕಿದ್ರು... ಅದೂ ಯಾರದ್ದು ಅಂತ ನೋಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಚೇರ್ಮನ್‌ನನ್ನು ಕೇಳಿದೆ.

"ನಿಮ್ಮ ವಶದಲ್ಲಿರೋದನ್ನ ನನ್ನ ಕೇಳಿದ್ರೆ ಹೇಗೆ ಸರ್?" ದನಿಗೆ ಬೆಣ್ಣೆ ವಾಪಸ್ ಬಂದಿತ್ತು.

ಬಾಯ್ಲರಿನ ಬೂದಿಯನ್ನು ನಾನೂ ಲೀಡರಮ್ಮನೂ ಜರಡಿ ಹಿಡಿದೆವು. ಒಂದು ಸ್ಟೇಪಲ್ ಪಿನ್ನು ಸಿಕ್ಕಿತು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಅಳಲಿಲ್ಲ. ನನ್ನ ಸುಟ್ಟ ಅಂಗೈಗೆ ಬ್ಯಾಂಡೇಜ್ ಸುತ್ತಿದಳು. ಮೂರು ವರ್ಷ ಕಲಿತ ಕೈ. ಒಂದು ಸುಕ್ಕಿಲ್ಲ.

"ನಲವತ್ತು ಜನ ಪರೀಕ್ಷೆ ಬರೀತಾರಲ್ಲ ಸರ್?"

"ಬರೀತಾರಮ್ಮ."

"ಸರಿ ಬಿಡಿ."

ಸರಿಯಿಲ್ಲ. ಅವಳಿಗೂ ಗೊತ್ತಿತ್ತು, ನನಗೂ.

ನಲವತ್ತು ಹುಡುಗಿಯರು ಬೇರೆ ಕಾಲೇಜಿಗೆ ಸೇರಿ ಪರೀಕ್ಷೆ ಬರೆದರು. ಅವಳ ಪಾಳಿಗಳಿಗೆ ಸಾಕ್ಷಿ ಹುಡುಕುತ್ತ ನಾನು ಆಸ್ಪತ್ರೆಯ ಹೆಡ್ ನರ್ಸ್‌ಗಳ ಮನೆ ಮನೆ ಅಲೆಯುತ್ತಿದ್ದೇನೆ. ನಡುವೆ ನನಗೇ ಇಲಾಖೆಯ ನೋಟಿಸ್ ಬಂತು: ತಮ್ಮ ವಶದಲ್ಲಿದ್ದ ನಲವತ್ತೊಂದು ಕಡತಗಳಲ್ಲಿ ಒಂದು ಕಾಣೆಯಾಗಿರುವುದಕ್ಕೆ ಕಾರಣ ತಿಳಿಸಿ.

ಹನ್ನೊಂದು ಹತ್ತಕ್ಕೆ ಮೊದಲು ಸುಟ್ಟಿದ್ದರೆ ತಪ್ಪು ಚೇರ್ಮನ್‌ನದು. ಆಮೇಲೆ ಸುಟ್ಟಿದ್ದರೆ ನನ್ನದು. ಯಾವಾಗ ಸುಟ್ಟಿತೋ, ನಿಜವಾಗಿ ನನಗೆ ಗೊತ್ತಿಲ್ಲ.

ಬೂದಿಗೆ ಟೈಮ್ ಹಾಕಿ ಸಹಿ ಮಾಡುವ ರೂಲ್ಸು ಇನ್ನೂ ಬಂದಿಲ್ಲ ನೋಡಿ!