ಎರಡು ಫಲಕಗಳ ಕಳವು

ಸಿಂಗಾಟೋಕಾ ಪಟ್ಟಣದ ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ರಂಪ. ಲಿತಿಯಾನಾಳ ಕೆಸುವಿನ ಗೆಡ್ಡೆಯ ಕಟ್ಟೆಯಿಂದ ಕ್ಯೂಆರ್ ಫಲಕ ಮಾಯವಾಗಿತ್ತು! ಫೋನು ಹಿಡಿದು ಬಂದ ಗಿರಾಕಿಗಳು ಫಲಕವಿಲ್ಲದ್ದು ನೋಡಿ ಮುಂದೆ ನಡೆಯುತ್ತಿದ್ದರು.

"ಕದ್ದೋಳು ಇವಳೇ ಅಕ್ಕಾ!" ಲಿತಿಯಾನಾ ಪಕ್ಕದ ಕಟ್ಟೆಯ ರಾಮರತಿಯತ್ತ ಕೈ ತೋರಿಸಿದಳು.

ಆ ಅಕ್ಕ ತೋರಿಕಾ, ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಗೆಡ್ಡೆ ಕೊಳ್ಳಲು ಬಂದು ಜಗಳದ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ಇವರಿಬ್ಬರೂ ದಿನವೂ ಒಂದೇ ಡಬ್ಬಿಯ ರೋಟಿ ಹಂಚಿ ತಿನ್ನುವ ಗೆಳತಿಯರು. ಒಂದು ಫಲಕಕ್ಕಾಗಿ ಮಾತು ಬಿಡುವುದೇ? ತೋರಿಕಾ ಪಕ್ಕದ ಕಟ್ಟೆಯತ್ತ ತಿರುಗಿದಳು.

"ನೀನೇನಂತೀಯ ರಾಮರತಿ?"

"ಫೋನಲ್ಲಿ ಬರೋ ದುಡ್ಡು ನಂಗೆ ಬೇಡ ಅಂದಿದ್ದು ನಿಜ. ಬೇಡದ್ದನ್ನ ಯಾರಾದ್ರೂ ಕದೀತಾರಾ?"

"ನನ್ನ ವ್ಯಾಪಾರ ನೋಡಿ ನಿಂಗೆ ಹೊಟ್ಟೆಯುರಿ!"

"ಹೊಟ್ಟೆಯುರಿಯಂತೆ! ನಿನ್ನ ಗಂಡಂಗೂ ರೋಟಿ ಸುಟ್ಕೊಂಡು ಬರೋಳು ಯಾರೇ?"

ಆ ಗಂಡ ಅಪಿಸಾಯಿ ಕಟ್ಟೆಯ ಹಿಂದೆ ಗೋಣಿಚೀಲಗಳ ಮೇಲೆ ತೆಪ್ಪಗೆ ಕೂತಿದ್ದ. ಸಕ್ಕರೆ ಕಾಯಿಲೆಗೆ ಅವನ ಕಣ್ಣುಗಳು ಹೋಗಿ ವರ್ಷಗಳಾಗಿದ್ದವು.

"ಬೇರೇನಾದ್ರೂ ಹೋಗಿದೆಯಾ?" ತೋರಿಕಾ ಲಿತಿಯಾನಾಳನ್ನು ಕೇಳಿದಳು.

"ಪಕ್ಕದಲ್ಲಿದ್ದ 'ಕಟ್ಟೆ ಮೇಲೆ ಕೂರಬೇಡಿ' ಫಲಕವೂ ಇಲ್ಲ. ಅದು ಹೋದ್ರೆ ಹೋಗ್ಲಿ ಬಿಡಿ."

"ಅದೂ ಅಷ್ಟೇ ದೊಡ್ಡದಿತ್ತಾ?"

"ಹೂಂ, ಅದೇ ಅಳತೆ, ಅದೇ ನುಣುಪು ಪ್ಲಾಸ್ಟಿಕ್ಕು. ಯಾಕೆ?"

ತೋರಿಕಾ ಹಿಂದಕ್ಕೆ ಹೋಗಿ ಮೆಲ್ಲಗೆ ಕೇಳಿದಳು— "ಅಪಿಸಾಯಣ್ಣಾ, ಸ್ವಲ್ಪ ಎದ್ದೇಳ್ತೀಯಾ?"

ಅವನು ಕದಲಲಿಲ್ಲ. ಆಮೇಲೆ ನಿಧಾನವಾಗಿ ಎದ್ದ. ಗೋಣಿಯ ಕೆಳಗೆ ಎರಡೂ ಫಲಕಗಳಿದ್ದವು.

"ರಾಮರತಿ ಆಗಿದ್ರೆ ಒಂದನ್ನೇ ಒಯ್ತಿದ್ಳು," ತೋರಿಕಾ ಹೇಳಿದಳು. "ಬೇಡದ ಫಲಕಾನೂ ಯಾಕೆ ಬಿಚ್ಚಬೇಕು? ಎರಡರಲ್ಲಿ ಕ್ಯೂಆರ್ ಯಾವುದು ಅಂತ ಮುಟ್ಟಿ ನೋಡಿದ್ರೆ ಗೊತ್ತಾಗಲ್ಲ. ಕಣ್ಣು ಕಾಣದೋನು ಎರಡನ್ನೂ ತೆಗೀಲೇಬೇಕು."

"ನೀವಾ?" ಲಿತಿಯಾನಾ ಗಂಡನತ್ತ ತಿರುಗಿದಳು. "ನಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ತೀರಾ?"

"ದುಡ್ಡು ಇಸ್ಕೊಳ್ಳೋದು ನನ್ನ ಕೆಲಸ ಆಗಿತ್ತಲ್ಲೇ," ಅಪಿಸಾಯಿ ತಲೆ ತಗ್ಗಿಸಿದ. "ಎಲ್ರೂ ನನ್ನ ಅಂಗೈಲಿ ಇಟ್ಟು, ಒಂದು ಮಾತಾಡಿ ಹೋಗೋರು. ಬೆರಳು ತಾಗಿದ್ರೆ ಸಾಕು, ಯಾರು ಅಂತ ಹೇಳ್ತಿದ್ದೆ. ಈಗ ಫೋನು ಟಿಂಗ್ ಅನ್ನುತ್ತೆ— ಅಷ್ಟೆ. ನಾನಿಲ್ಲಿ ಇದೀನಿ ಅಂತಾನೇ ಯಾರಿಗೂ ಗೊತ್ತಿಲ್ಲ. ರಾಮರತಿ ಮೇಲೆ ಅಪವಾದ ಬಂದಾಗ ಬಾಯಿ ಬಿಡಬೇಕಿತ್ತು. ನಾಚಿಕೆ ಆಯ್ತು."

"ಥೂ, ಹುಚ್ಚಪ್ಪ!" ಎಂದು ಬೈದ ರಾಮರತಿ ಕಣ್ಣೊರೆಸಿಕೊಂಡಳು.

ಲಿತಿಯಾನಾಳ ಸಿಟ್ಟು ಜರ್ರನೆ ಇಳಿಯಿತು. ಗೆಳತಿಯ ತೋಳು ಹಿಡಿದು "ತಪ್ಪಾಯ್ತು ಕಣೇ" ಎಂದಳು. ಗಂಡನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಇಷ್ಟು ದಿನ ಪಕ್ಕದಲ್ಲೇ ಇದ್ದೂ ತಾನು ಅವನನ್ನು ಕೇಳಿರಲಿಲ್ಲವಲ್ಲ! ಕ್ಯೂಆರ್ ಫಲಕವನ್ನು ಒರೆಸಿ ಮತ್ತೆ ತೂಗುಹಾಕಿದಳು. ವ್ಯಾಪಾರ ನಡೆಯಬೇಕಲ್ಲ.

ಒಬ್ಬ ಯುವಕ ಬಂದ. ಫೋನು ಹಿಡಿದ, ದುಡ್ಡು ಹಾಕಿದ, ಗೆಡ್ಡೆಯ ಕಂತೆಗೆ ಕೈ ಹಾಕಿದ. ಲಿತಿಯಾನಾ ಅದನ್ನು ಹಿಂದಕ್ಕೆಳೆದುಕೊಂಡಳು.

"ದುಡ್ಡು ಬಂತು ಮಗಾ. ಗೆಡ್ಡೆ ಬೇಕಂದ್ರೆ ಹಿಂದೆ ಹೋಗಿ ನಮ್ಮೆಜಮಾನ್ರ ಕೈ ಕುಲುಕಿ ಬಾ."

ಅಪಿಸಾಯಿ ಆಗಲೇ ಕೈ ಚಾಚಿದ್ದ.